ಒಡೆದ ತಂಬೂರಿ ಹಿಡಿದು ಮಿರಜಿಗೆ

ಬೆಳಗಾವಿಯಿಂದ ಮಿರಜಿಗೆ ರೈಲಿನಲ್ಲಿ ಹೊರಟೆ. ಪಕ್ಕದಲ್ಲಿ ಚಾದರ ಸುತ್ತಿದ ತಂಬೂರಿ. ಪಾರ್ಸಲ್‌ನವರು ಎತ್ತಿ ಹಾಕಿ ಅದರ ಬುರುಡೆ ಸೀಳಿದ್ದರು. ಇವತ್ತಿಗೂ ಹೊಟ್ಟೆ ಉರಿಯುತ್ತೆ. ದಯವಿಟ್ಟು ತಂಬೂರಿಯನ್ನು ಪಾರ್ಸಲ್‌ಗೆ ಕೊಡಬೇಡಿ. ತಂತಿ ಸಡಿಲ ಮಾಡಿ, ಬುರುಡೆಗೆ ದಪ್ಪ ಬಟ್ಟೆ ಸುತ್ತಿ, ನೀವೇ ಹೊತ್ತು ತನ್ನಿ.

ತಂಬೂರಿ ಮಾಡುವವರ ಗಲ್ಲಿಯ ಅಜ್ಜ ಸೀಳಿನ ಮೇಲೆ ಬೆರಳಾಡಿಸಿ, ಅಂಟು ಒಣಗಲು ಎರಡು ದಿನ ಬೇಕು ಅಂದರು. ಆ ಎರಡು ದಿನ ಮೀರಾಸಾಹೇಬ ದರ್ಗಾದಲ್ಲಿ, ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಸಮಾಧಿಯ ಹತ್ತಿರ ಸುಮ್ನೆ ಕೂತೆ.

ಮೂರನೇ ದಿನ ತಂತಿ ಕಟ್ಟುತ್ತಾ ಅಜ್ಜ ಕನ್ನಡದಲ್ಲೇ ಕೇಳಿದರು, "ಯಾವೂರ್ರೀ ನಿಮ್ದು?"

"ಸುಳೇಭಾವಿ ರೀ, ಅಜ್ಜಾರ."

ಕೈ ನಿಂತಿತು. "ಕುಮಾರ ಗಂಧರ್ವರ ಊರು! ಅವರಿಗೆ ಹಾಡು ಕಲಿಸಿದ ದೇವಧರ ಮಾಸ್ತರು ನಮ್ಮ ಮಿರಜಿನವರು, ಗೊತ್ತೈತಿಲ್ರೀ?"

ನನಗೆ ಗೊತ್ತಿರಲಿಲ್ಲ. ಆಮೇಲೆ ಅಜ್ಜ ಹೇಳಿದ್ದನ್ನು ಬಾಯಿಬಿಟ್ಟು ಕೇಳಿದೆ. ಕುರುಂದವಾಡದ ವಿಷ್ಣು ದಿಗಂಬರ ಪಲುಸ್ಕರರು ಚಿಕ್ಕವರಿದ್ದಾಗ ಪಟಾಕಿ ಸಿಡಿದು ಕಣ್ಣಿಗೆ ಪೆಟ್ಟಾಯಿತು. ಮಿರಜಿನಲ್ಲಿ ಬಾಳಕೃಷ್ಣಬುವಾ ಅವರ ಹತ್ತಿರ ಹಾಡು ಕಲಿತರು. 1901ರಲ್ಲಿ ದೂರದ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ಅನ್ನೋ ಸಂಗೀತ ಶಾಲೆ ತೆರೆದರು. ರಾಜನ ಆಸರೆ ಬೇಡ, ಜನರ ಹಣದಲ್ಲೇ ನಡೆಯಬೇಕು ಅನ್ನೋದು ಅವರ ಹಟ. ಓಂಕಾರನಾಥ ಠಾಕೂರ್, ನಾರಾಯಣರಾವ್ ವ್ಯಾಸ್, ಇದೇ ಮಿರಜಿನ ವಿನಾಯಕರಾವ್ ಪಟವರ್ಧನ್, ಎಲ್ಲರೂ ಅವರ ಕೈಯಲ್ಲಿ ಪಳಗಿದವರು. ಬಿ.ಆರ್. ದೇವಧರರು ಹುಟ್ಟಿದ್ದೂ 1901ರಲ್ಲೇ. ಪಲುಸ್ಕರರಿಂದ ಕಲಿತು ಮುಂಬೈಯಲ್ಲಿ ತಮ್ಮದೇ ಶಾಲೆ ನಡೆಸಿದರು. ನಮ್ಮೂರಿನ ಶಿವಪುತ್ರಯ್ಯ ಕೊಂಕಾಳಿಮಠ, ಅಂದರೆ ಕುಮಾರ ಗಂಧರ್ವರು, ಹುಡುಗನಾಗಿ ಸೇರಿದ್ದು ಅಲ್ಲಿಗೇ. ಲಾಹೋರಿಗೆ ಹೋದ ವಿದ್ಯೆ ಮುಂಬೈ ಸುತ್ತಿ ನಮ್ಮೂರಿನ ಹುಡುಗನ ಕೊರಳಿಗೆ ಬಂತಲ್ವಾ! ನಾನು ದಿನಾ ಓಡಾಡುವ ಓಣಿಗಳ ಹುಡುಗ. ಕಣ್ಣು ತುಂಬಿ ಬಂತು.

1931ರಲ್ಲಿ ಪಲುಸ್ಕರರು ತೀರಿಕೊಂಡಿದ್ದೂ ಮಿರಜಿನಲ್ಲೇ ಅಂದರು ಅಜ್ಜ, ದನಿ ತಗ್ಗಿಸಿ.

ಆಮೇಲೆ ಬಿಳಿ ಹತ್ತಿದಾರ ತೆಗೆದು, ಕುದುರೆಗೂ (ತಂತಿಗಳನ್ನು ಹೊರುವ ಪಟ್ಟಿ) ತಂತಿಗೂ ನಡುವೆ ಒಂದೊಂದೇ ಎಳೆ ತೂರಿಸಿದರು. ಮೀಟಿ, ಕೂದಲೆಳೆಯಷ್ಟು ಸರಿಸಿ, ಮತ್ತೆ ಮೀಟಿದರು. ಮೂರನೇ ತಂತಿಯ ದನಿ ಮಂಕಾಗಿತ್ತು. ಐದಾರು ಸಲ ಸರಿಸಿದ ಮೇಲೆ ಜೇನುನೊಣದ ಹಾಗೆ ಗುಂಯ್ ಅಂದಿತು.

ಉಳಿದ ದಾರವನ್ನು ಬಿರಡೆಗೆ ಸುತ್ತಿ ಕೊಟ್ಟರು. "ಇದು ಸವೀತದ ರೀ. ಆವಾಗ ಹಾಕ್ಕೋರಿ."