ಒಂದು ತುಂಡು ಬಲೆ

ಇವತ್ತು ಮಂಜೇಶ್ವರದ ಕಡಲ ಬದಿಯಲ್ಲಿ ನೀಲಿ ನೈಲಾನ್ ಬಲೆಯ ತುಂಡೊಂದು ಸಿಕ್ಕಿತು. ಅದರೊಳಗೆ ಹಾಲಿನ ಪ್ಯಾಕೆಟಿನ ಚೂರು, ಥರ್ಮೋಕೋಲ್ ಕಾಳು, ಅಂಟಂಟು ಡಾಂಬರಿನ ಉಂಡೆ. ನಡುವೆ ಒಂದು ಪುಟ್ಟ ಏಡಿ. ಸತ್ತಿತ್ತು.

ಇದರಲ್ಲಿ ಯಾವುದು ಕೊಂದದ್ದು ಅಂತ ಹೇಳುವುದು?

ತಮಿಳುನಾಡಿನ ಮನ್ನಾರ್ ಕೊಲ್ಲಿ ನೆನಪಾಯಿತು. 21 ದ್ವೀಪಗಳ ಕಡಲ ಉದ್ಯಾನ, 1986ರಿಂದ ರಕ್ಷಿತ. ಹವಳ ಅಗೆದದ್ದೂ ಸೇರಿ ಹಲವು ಕಾರಣಕ್ಕೆ ಎರಡು ದ್ವೀಪ ಮುಳುಗಿಯೇ ಹೋದವು. ಅಗೆತ ನಿಲ್ಲಿಸಬಹುದು, ಆದರೆ 2016ರಲ್ಲಿ ನೀರು ಬಿಸಿಯಾಗಿ ಹವಳ ಬಿಳಿಚಿಕೊಂಡಿತಲ್ಲ, ಅದಕ್ಕೆ ಯಾವ ಬೇಲಿ?

2008ರಲ್ಲಿ ವಿಜ್ಞಾನಿಗಳು ಮೀನುಗಾರಿಕೆ, ಹಡಗು, ಮಾಲಿನ್ಯ, ಬಿಸಿ ಹೀಗೆ 17 ಒತ್ತಡಗಳನ್ನು ಜಗತ್ತಿನ ಕಡಲುಗಳ ಒಂದೇ ನಕ್ಷೆಯಲ್ಲಿ ಕೂಡಿಸಿ ನೋಡಿದರು. ಮನುಷ್ಯನ ಕೈ ತಾಗದ ಕಡಲು ಎಲ್ಲೂ ಕಾಣಲಿಲ್ಲ.

ನಮ್ಮಲ್ಲೂ ಬಂದರಿಗೊಂದು, ಕಡಲ್ಕೊರೆತದ ಗೋಡೆಗೊಂದು ಅಂತ ಪರಿಸರದ ಮೇಲಿನ ಪರಿಣಾಮದ ಬಿಡಿ ವರದಿ ಸಾಲದು ಮಾರಾಯ್ರೆ. ಕೂಡಿಸಿ ಲೆಕ್ಕ ಹಾಕಲೇಬೇಕು.