ಸೋಮವಾರದ ಪ್ರಶ್ನೆಗಳು

1996ರ ಜೂನ್ ತಿಂಗಳ ಒಂದು ಸೋಮವಾರ, ಜೋರು ಮಳೆಯಿದ್ದ ಕಾರಣ ನಮ್ಮ ಶಾಲೆಯ ಪ್ರಾರ್ಥನಾ ಸಭೆ ಅಂಗಳದ ಬದಲು ಉದ್ದ ಜಗಲಿಯಲ್ಲಿ ನಡೆಯಿತು. ನಾನು ಆಗಷ್ಟೇ ಐದನೇ ತರಗತಿಗೆ ಬಂದಿದ್ದೆ. ಉಡುಪಿ ಇನ್ನೂ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲ್ಲೂಕಾಗಿತ್ತು. ಸ್ವರ್ಣಾ ನದಿಯ ಬದಿಯ ನಮ್ಮೂರಿನಿಂದ ಮಲ್ಪೆ ಬಂದರಿಗೆ ದುಡಿಯಲು ಹೋಗುವ ಗಂಡಸರು, ಮನೆಯಲ್ಲೇ ಕುಳಿತು ಬೀಡಿ ಕಟ್ಟುವ ಹೆಂಗಸರು, ಇವರ ಮಕ್ಕಳೇ ಶಾಲೆಯಲ್ಲಿ ಹೆಚ್ಚು. ಸಾವಧಾನ್, ವಿಶ್ರಾಮ್, ಪ್ರಾರ್ಥನೆ, ಪ್ರತಿಜ್ಞೆ, ಪತ್ರಿಕೆಯ ಮುಖ್ಯ ಸುದ್ದಿ, ಕೊನೆಗೆ ಜನಗಣಮನ, ಅದು ಮುಗಿದ ಮೇಲೆ ತಡವಾಗಿ ಬಂದವರಿಗೆ ಪೆಟ್ಟು. ಸಭೆಯೆಂದರೆ ನಮಗೆ ಅಲ್ಲಿಯವರೆಗೆ ಇಷ್ಟೇ ಆಗಿತ್ತು.

ಅಂದು ಮಾತಾಡಲು ನಿಂತವರು ಕುಂದಾಪುರದ ಕಡೆಯಿಂದ ಆ ವರ್ಷವೇ ವರ್ಗವಾಗಿ ಬಂದಿದ್ದ ಟೀಚರ್. ತಮ್ಮ ಹೆಸರನ್ನು ಈ ಬರಹದಲ್ಲಿ ಹಾಕಬಾರದೆಂದು ಅವರೇ ಕೇಳಿಕೊಂಡಿರುವುದರಿಂದ ಟೀಚರ್ ಎಂದಷ್ಟೇ ಬರೆಯುತ್ತೇನೆ. ಆ ವರ್ಷಗಳಲ್ಲಿ ಕುಂದಾಪುರ ತಾಲ್ಲೂಕಿನ ಕೆಲವು ಗ್ರಾಮಗಳಲ್ಲಿ ಮಕ್ಕಳೇ ಸದಸ್ಯರಾಗಿ ಊರಿನ ಕೊರತೆಗಳನ್ನು ಚರ್ಚಿಸುವ ಮಕ್ಕಳ ಪಂಚಾಯತ್‌ಗಳು ನಡೆಯುತ್ತಿದ್ದವು. ಅವುಗಳನ್ನು ಕಣ್ಣಾರೆ ಕಂಡು ಬಂದವರು ಅವರು. ವಿಶ್ವಸಂಸ್ಥೆಯ ಮಹಾಸಭೆ 1989ರ ನವೆಂಬರ್ 20ರಂದು ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿದೆಯೆಂದೂ, ಭಾರತ 1992ರ ಡಿಸೆಂಬರ್‌ನಲ್ಲಿ ಅದನ್ನು ಒಪ್ಪಿಕೊಂಡಿದೆಯೆಂದೂ, ಅದರ 54 ವಿಧಿಗಳಲ್ಲಿ 42ನೆಯದರ ಪ್ರಕಾರ ಈ ಹಕ್ಕುಗಳನ್ನು ದೊಡ್ಡವರಿಗೂ ಮಕ್ಕಳಿಗೂ ತಿಳಿಸುವುದು ಸರಕಾರದ ಹೊಣೆಯೆಂದೂ ಅವರು ಹೇಳಿದರು. "ನಾನು ಸರಕಾರದ ಸಂಬಳ ತಿನ್ನುವವಳು, ಆದ್ದರಿಂದ ನಿಮಗೆ ಹೇಳುವ ಹೊಣೆ ನನ್ನದೂ ಹೌದು. ಪ್ರತಿ ಸೋಮವಾರ ಒಂದು ಹಕ್ಕು. ಅದರ ಬಗ್ಗೆ ನಿಮಗೆ ತೋಚಿದ್ದನ್ನು ಕೇಳಬಹುದು, ಕೇಳಿದ್ದನ್ನು ಪುಸ್ತಕದಲ್ಲಿ ಬರೆದಿಡುತ್ತೇನೆ, ಮುಂದಿನ ಸೋಮವಾರದ ಒಳಗೆ ಶಾಲೆ ಉತ್ತರ ಕೊಡಬೇಕು" ಎಂದರು. ಆ ಒಡಂಬಡಿಕೆಯ 12ನೇ ವಿಧಿ ಮಕ್ಕಳ ಅಭಿಪ್ರಾಯಕ್ಕೆ ಬೆಲೆ ಕೊಡಬೇಕೆಂದು ಹೇಳುತ್ತದೆ ಎಂಬುದು ನನಗೆ ಎಷ್ಟೋ ವರ್ಷಗಳ ಮೇಲೆ ಓದಿ ತಿಳಿಯಿತು. ಅದು ನಡೆಯುವುದನ್ನು ನಾನು ಮೊದಲೇ ಕಂಡಿದ್ದೆ.

ಮೊದಲ ಹಕ್ಕು ಹೆಸರಿನದು. ಟೀಚರ್ ಒಂದನೇ ತರಗತಿಯ ಸಾಲಿನ ಮುಂದೆ ಬಗ್ಗಿ ನಿಂತು, ಒಬ್ಬೊಬ್ಬರನ್ನೇ "ನಿನ್ನ ಪುದರ್ ದಾದ?" (ನಿನ್ನ ಹೆಸರೇನು?) ಎಂದು ತುಳುವಿನಲ್ಲಿ ಕೇಳುತ್ತಾ ಬಂದರು. ಶಾಲೆಯೊಳಗೆ ತುಳು ಮಾತಾಡಿದವರಿಗೆ ದಂಡ ಹಾಕುತ್ತಿದ್ದ ಕಾಲವದು. ಸಭೆಯಲ್ಲೇ, ಅದೂ ಟೀಚರ ಬಾಯಲ್ಲಿ, ಮನೆಮಾತು ಕೇಳಿ ನಾವೆಲ್ಲ ಮುಖ ಮುಖ ನೋಡಿಕೊಂಡೆವು. (ಸ್ವಂತ ಭಾಷೆಯ ಹಕ್ಕು 30ನೇ ವಿಧಿಯಲ್ಲಿದೆ. ಅದರ ಬಗ್ಗೆ ಪ್ರತ್ಯೇಕ ಸೋಮವಾರ ಬೇಕಾಗಲಿಲ್ಲ, ದಂಡದ ಡಬ್ಬಿ ಆ ವಾರವೇ ಮಾಯವಾಯಿತು.) ಹಾಗೆ ಕೇಳುತ್ತಾ ನಮ್ಮ ಸಾಲಿಗೆ ಬಂದಾಗ, ಕೊನೆಯಲ್ಲಿ ನಿಂತಿದ್ದ, ಕೊರಗ ಬುಡಕಟ್ಟಿನವರ ಕಾಲನಿಯ ಹುಡುಗ ತಲೆ ತಗ್ಗಿಸಿ ಸುಮ್ಮನಿದ್ದ. ಹಿಂದಿನಿಂದ ಯಾರೋ ಅವನ ಜಾತಿಯ ಹೆಸರನ್ನು ಕೂಗಿದರು. ನಾವು ಅವನನ್ನು ಕರೆಯುತ್ತಿದ್ದುದೇ ಹಾಗೆ. ನಾಲ್ಕು ವರ್ಷ ಒಂದೇ ಕೋಣೆಯಲ್ಲಿ ಕೂತು ಕಲಿತ ನಾನೂ ಹಾಗೆಯೇ ಕರೆದಿದ್ದೆ. ಹಾಜರಿ ಕೂಗುವಾಗ ಬರುತ್ತಿದ್ದ ಇನ್ನೊಂದು ಹೆಸರು ಅವನದೇ ಎಂದು ನನ್ನ ಕಿವಿಗೆ ಬಿದ್ದಿರಲೇ ಇಲ್ಲ. ಟೀಚರ್ ಅವಸರ ಮಾಡಲಿಲ್ಲ. ಹಂಚಿನ ಮಾಡಿನಿಂದ ನೀರು ಸುರಿಯುವ ಸದ್ದೊಂದೇ ಕೇಳುತ್ತಿತ್ತು. ಕೊನೆಗೆ ಅವನು ತನ್ನ ಹೆಸರು ಹೇಳಿದ. ಟೀಚರ್ ಅದನ್ನು ಎರಡು ಸಲ ಗಟ್ಟಿಯಾಗಿ ಹೇಳಿ, "ಸರಿಯಾಗಿ ಹೇಳಿದೆನಾ?" ಎಂದು ಅವನನ್ನೇ ಕೇಳಿದರು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಅದು ಅವನದು. ಕೊರಗರನ್ನು ಅವಮಾನಿಸುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯಿದೆ ನಮ್ಮ ರಾಜ್ಯದಲ್ಲಿ ಬಂದದ್ದು 2000ದಲ್ಲಿ. ಜಗಲಿಯ ಆ ಬೆಳಗು ಅದಕ್ಕಿಂತ ನಾಲ್ಕು ವರ್ಷ ಹಿಂದಿನದು. ಮರುವಾರ ಟೀಚರ್ ಮಂಗಳೂರಿನ ಕುದ್ಮುಲ್ ರಂಗರಾಯರ ಕತೆ ಹೇಳಿದರು. ದಲಿತ ಮಕ್ಕಳನ್ನು ಹೆಚ್ಚಿನ ಶಾಲೆಗಳು ಸೇರಿಸಿಕೊಳ್ಳದ ಕಾಲದಲ್ಲಿ, 1892ರಲ್ಲಿ, ಅವರಿಗಾಗಿ ಶಾಲೆ ತೆರೆದು, ಅದರಿಂದಾಗಿ ಸ್ವಂತ ಸಮುದಾಯದವರಿಂದಲೇ ದೂರವಿಡಲ್ಪಟ್ಟ ಆ ಮನುಷ್ಯನ ಬಗ್ಗೆ ಕೇಳುವಾಗ ನಾನು ಕೊನೆಯ ಸಾಲಿನತ್ತ ತಿರುಗಿ ನೋಡಲಾರದೆ ಹೋದೆ.

ಆಟದ ಹಕ್ಕಿನ ಸೋಮವಾರ ನನ್ನ ಮನೆಗೇ ಬಂದು ತಲುಪಿತು. "ನಿನ್ನೆ ಸಂಜೆ ಆಟವಾಡಿದವರು ಕೈ ಎತ್ತಿ" ಎಂದಾಗ ಹುಡುಗರ ಸಾಲಿನಲ್ಲಿ ಕೈಗಳೆದ್ದವು, ಹುಡುಗಿಯರ ಸಾಲಿನಲ್ಲಿ ಮೂರೋ ನಾಲ್ಕೋ. ನಾವು ಸಂಜೆ ಮೊರ ಮಡಿಲಲ್ಲಿಟ್ಟುಕೊಂಡು, ಅಮ್ಮ ಕಟ್ಟಿದ ಬೀಡಿಯ ಬಾಯಿ ಮಡಚುತ್ತಿದ್ದೆವು. ಉಗುರಿನ ಸಂದಿಯ ಹೊಗೆಸೊಪ್ಪಿನ ವಾಸನೆ ಬೆಳಿಗ್ಗೆ ತಿಂಡಿ ತಿನ್ನುವಾಗಲೂ ಹೋಗುತ್ತಿರಲಿಲ್ಲ. ಎರಡು ದಿನದ ಮೇಲೆ ಟೀಚರ್ ನಮ್ಮ ಮನೆಗೆ ಬಂದರು. ಅಮ್ಮ ಚಾಪೆ ಹಾಕಿ, ಬೆಲ್ಲ ನೀರು ಕೊಟ್ಟು, "ಇವಳು ಮಡಚದಿದ್ದರೆ ನಾಳೆ ಬೀಡಿ ಬ್ರಾಂಚಿಗೆ ಲೆಕ್ಕ ಒಪ್ಪಿಸುವುದು ಹೇಗೆ ಟೀಚರೇ?" ಎಂದು ಕೇಳಿದರು. 1986ರ ಬಾಲಕಾರ್ಮಿಕ ಕಾಯಿದೆಯ ನಿಷೇಧಿತ ಕೆಲಸಗಳ ಪಟ್ಟಿಯಲ್ಲಿ ಬೀಡಿ ಕಟ್ಟುವುದೂ ಇತ್ತು, ಆದರೆ ಮನೆಯವರೊಡನೆ ಸೇರಿ ಮಾಡುವ ಕೆಲಸವನ್ನು ಅದೇ ಕಾಯಿದೆ ಹೊರಗಿಟ್ಟಿತ್ತು. ಟೀಚರಿಗೆ ಅದು ಗೊತ್ತಿತ್ತೆಂದು ಈಗ ನನಗನಿಸುತ್ತದೆ, ಏಕೆಂದರೆ ಅವರು ಕಾಯಿದೆಯ ಮಾತೇ ಎತ್ತಲಿಲ್ಲ. ಅಮ್ಮನ ಕಷ್ಟವನ್ನು ಪೂರ್ತಿ ಕೇಳಿಸಿಕೊಂಡು ಹೋದರು. ಮುಂದಿನ ವಾರದಿಂದ ಸೋಮವಾರ ಮತ್ತು ಗುರುವಾರದ ಕೊನೆಯ ಪಿರಿಯಡ್ ಹುಡುಗಿಯರ ಆಟಕ್ಕೆಂದೇ ಮೀಸಲಾಯಿತು. ಶಾಲೆಯ ಹೊತ್ತಿನಲ್ಲೇ ಆದ್ದರಿಂದ ಮನೆಯವರು ಬೇಡವೆನ್ನುವಂತಿರಲಿಲ್ಲ. ಲಗೋರಿಯ ಕಲ್ಲುಗಳನ್ನು ಹೊಳೆಬದಿಯಿಂದ ಆಯ್ದು ತಂದವಳು ನಾನೇ.

ಎಲ್ಲಕ್ಕಿಂತ ಕಠಿಣವಾದದ್ದು ಪೆಟ್ಟಿನ ವಿಷಯ. ಮಕ್ಕಳನ್ನು ಹಿಂಸೆಯಿಂದ ಕಾಪಾಡಬೇಕೆಂಬ 19ನೇ ವಿಧಿಯ ಬಗ್ಗೆ ಟೀಚರ್ ಹೇಳಿ ಮುಗಿಸುವಷ್ಟರಲ್ಲಿ ಮೂರನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಅಕ್ಕನದ್ದಿರಬೇಕು, ಮೊಣಕಾಲಿನ ಕೆಳಗಿಳಿಯುವ ಲಂಗ. "ನಮಗೆ ಹೊಡೆಯಬಾರದು ಅಂತ ಹೇಳಿದ್ರಿ ಟೀಚರ್. ಹೆಡ್ ಮಾಸ್ಟ್ರ ಮೇಜಿನ ಮೇಲೆ ಬೆತ್ತ ಯಾಕೆ ಉಂಟು?" ಅಂಗಳವೆಲ್ಲ ಸ್ತಬ್ಧವಾಯಿತು. ಹೆಡ್ ಮಾಸ್ಟ್ರು ಧ್ವಜಕಟ್ಟೆಯ ಪಕ್ಕದಲ್ಲೇ ನಿಂತಿದ್ದರು. ಅವಳಿಗೆ ಈಗ ಬೀಳುತ್ತದೆ ಎಂದೇ ನಾವೆಲ್ಲ ಎಣಿಸಿದ್ದೆವು. ಟೀಚರ್ ಪುಸ್ತಕ ತೆರೆದು ಪ್ರಶ್ನೆಯನ್ನು ಅವಳು ಹೇಳಿದ ಮಾತಿನಲ್ಲೇ ಬರೆದುಕೊಂಡರು. ಆಮೇಲೆ ಹೆಡ್ ಮಾಸ್ಟ್ರ ಕಡೆ ನೋಡಿದರು. "ಸೋಮವಾರ ಹೇಳುತ್ತೇನೆ" ಎಂದಷ್ಟೇ ಅವರು ಅಂದರು.

ಆ ಸೋಮವಾರ ಅವರು ನಮ್ಮೆದುರು ನಿಂತು, ತಮಗೂ ಕಲಿಸಿದವರು ಹೊಡೆದೇ ಕಲಿಸಿದ್ದೆಂದೂ, ಬೇರೆ ದಾರಿ ತಮಗೆ ಸರಿಯಾಗಿ ಗೊತ್ತಿಲ್ಲವೆಂದೂ, ಇವತ್ತಿನಿಂದ ಬೆತ್ತ ಕಪಾಟಿನಲ್ಲಿರುತ್ತದೆಯೆಂದೂ ಹೇಳಿದರು. ಒಬ್ಬ ದೊಡ್ಡ ಮನುಷ್ಯ ಮಕ್ಕಳೆದುರು ಹಾಗೆ ಮಾತಾಡಿದ್ದನ್ನು ನಾನು ಮೊದಲು ಕಂಡದ್ದು ಅಂದು. ಆ ವರ್ಷ ಬೆತ್ತ ಎರಡು ಸಲ ಕಪಾಟಿನಿಂದ ಹೊರಬಂತು ಎಂಬುದನ್ನೂ ಹೇಳಲೇಬೇಕು. ಎರಡು ಸಲವೂ ಪ್ರಶ್ನೆ ಪುಸ್ತಕದಲ್ಲಿ ದಾಖಲಾಯಿತು, ಎರಡು ಸಲವೂ ಅವರು ಸಭೆಯಲ್ಲಿ ಉತ್ತರ ಕೊಟ್ಟರು. ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅಷ್ಟರಲ್ಲಿ ನಾನೇ ಮಂಗಳೂರಿನಲ್ಲಿ ಟೀಚರಾಗಿದ್ದೆ. ಇಲಾಖೆಯ ಸುತ್ತೋಲೆಯನ್ನು ಓದಿ ಸಹಿ ಹಾಕುವಾಗ ನನ್ನ ಕಣ್ಣೆದುರು ಬಂದದ್ದು ಆ ಉದ್ದ ಲಂಗ.

ಈಗ ನಮ್ಮ ಪ್ರಾರ್ಥನಾ ಸಭೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸುತ್ತೇವೆ, ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ದೊಡ್ಡದಾಗಿ ಬರೆದಿರುತ್ತದೆ, ನವೆಂಬರ್ ಬಂದರೆ ಹಕ್ಕುಗಳ ಬಗ್ಗೆ ಭಾಷಣ ಸ್ಪರ್ಧೆಯೂ ಇರುತ್ತದೆ. ಇವೆಲ್ಲ ಬೇಕು. ಆದರೆ ಬಾಯಿಪಾಠ ಒಪ್ಪಿಸಿ ಬಹುಮಾನ ಪಡೆದ ಮಗು, ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ ಎಂದು ಹೇಳಲು ಅದೇ ಸಭೆಯಲ್ಲಿ ಬಾಯಿ ತೆರೆಯಲು ಹೆದರಿದರೆ, ನಾವು ಕಲಿಸಿದ್ದು ಹಕ್ಕನ್ನೇ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಕೊಪ್ಪಳ, ಬಾಗಲಕೋಟೆ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಅವರ ಕನ್ನಡ ಕೇಳಿ ಉಳಿದವರು ನಕ್ಕ ದಿನವೇ ನಾನೂ ಒಂದು ಪುಸ್ತಕ ತೆರೆದೆ.

ಟೀಚರ್ ನಿವೃತ್ತರಾದಾಗ ನೋಡಲು ಹೋಗಿದ್ದೆ. ಹಳೆಯ ಪ್ರಶ್ನೆ ಪುಸ್ತಕವನ್ನು ನನ್ನ ಕೈಗಿತ್ತರು. ಎಡಪುಟದಲ್ಲಿ ಪ್ರಶ್ನೆ, ಬಲಪುಟದಲ್ಲಿ ಉತ್ತರ ಮತ್ತು ತಾರೀಕು. ಬಾವಿಗೆ ಹಗ್ಗ ಬಂದ ತಾರೀಕು, ದಂಡದ ಡಬ್ಬಿ ತೆಗೆದ ತಾರೀಕು. 1997ರ ಒಂದು ಪುಟದಲ್ಲಿ ನನ್ನದೇ ಪ್ರಶ್ನೆ ಇತ್ತು. ನಮ್ಮ ತರಗತಿಯ ಹುಡುಗನೊಬ್ಬನನ್ನು ಅವನ ಮಾವ ಮುಂಬಯಿಯ ಹೋಟೆಲಿಗೆ ಕೆಲಸಕ್ಕೆ ಕರೆದೊಯ್ದಿದ್ದರು. ನಮ್ಮ ಕಡೆ ಅದು ಆಗ ಯಾರೂ ಹುಬ್ಬೇರಿಸದ ಸಂಗತಿ. "ಅವನಿಗೆ ಶಾಲೆಯ ಹಕ್ಕು ಇಲ್ಲವಾ ಟೀಚರ್, ಅವನು ಯಾವಾಗ ಬರ್ತಾನೆ?" ಎಂದು ನಾನು ಕೇಳಿದ್ದೆ. ಎದುರಿನ ಪುಟದಲ್ಲಿ ಬೇರೆ ಬಣ್ಣದ ಶಾಯಿಯಲ್ಲಿ, ಒಂಬತ್ತು ವರ್ಷಗಳ ನಂತರ ಬರೆದ ಒಂದು ಸಾಲಿತ್ತು: "10-10-2006. ಹೋಟೆಲುಗಳಲ್ಲಿ ಹದಿನಾಲ್ಕರ ಕೆಳಗಿನ ಮಕ್ಕಳ ದುಡಿಮೆ ನಿಷೇಧ." ಅದರ ಕೆಳಗೆ, ನನ್ನ ಪ್ರಶ್ನೆಯ ಎರಡನೇ ಅರ್ಧಕ್ಕೆಂದು, ಅರ್ಧ ಪುಟ ಖಾಲಿ ಬಿಟ್ಟಿದ್ದರು.