ಬೋರ್ ಹೊಡೆಯುವಾಗ ಕಲ್ಲಿನ ಕರೆಂಟು

ಕಳೆದ ಮಾರ್ಚ್‌ನಲ್ಲಿ ಪುಣೆಯ ವಾರ್ಜೆಯ ನಮ್ಮ ಸೊಸೈಟಿಯಲ್ಲಿ ಬೋರ್ ಹೊಡೆಸಿದೆವು. ಟ್ಯಾಂಕರ್ ಬಿಲ್ ಕಟ್ಟಿ ಕಟ್ಟಿ ಎಲ್ಲರಿಗೂ ಸಾಕಾಗಿತ್ತು. ಪಾಯಿಂಟ್ ತೋರಿಸೋಕೆ ಒಬ್ಬರು ತೆಂಗಿನಕಾಯಿ ಹಿಡಿದುಕೊಂಡು ಬಂದರು. ಪಾರ್ಕಿಂಗ್ ಮೂಲೆಯಲ್ಲಿ ಕಾಯಿ ಅಂಗೈ ಮೇಲೆ ಎದ್ದು ನಿಂತಿತು, ಕಮಿಟಿ ತಲೆಯಾಡಿಸಿತು. ಪಕ್ಕದ ವಿಂಗಿನ ವಿಜಯಪುರದ ಕಾಕಾ ಮಾತ್ರ ನನ್ನ ಕಿವಿಯಲ್ಲಿ "ಇಲ್ಲಿ ನೀರು ಬಂದ್ರ ನನ್ನ ಹೆಸರು ಬದಲಿಸ್ತೀನಿ" ಅಂದರು.

ಗಾಡಿ ನಿಂತು ಹ್ಯಾಮರ್ ಶುರುವಾದ ಮೇಲೆ ನಾನು ಅಲ್ಲಿಂದ ಕದಲಲಿಲ್ಲ. ಮೊದಲು ಕಂದು ಮುರುಮ್ (ಪುಡಿಪುಡಿಯಾದ ಕಲ್ಲುಮಣ್ಣು), ಆಮೇಲೆ ಬೂದು ಬಣ್ಣದ ಪುಡಿ, ತುಂಬಾ ಹೊತ್ತು ಅದೇ. 140 ಅಡಿ ಹತ್ತಿರ ಇದ್ದಕ್ಕಿದ್ದಂತೆ ಇಟ್ಟಿಗೆ ಕೆಂಪಿನ ಧೂಳು! ಆಪರೇಟರ್ ಅದನ್ನು ಎರಡು ಬೆರಳಲ್ಲಿ ತಿಕ್ಕಿ, ಮೂಸಿ, ಸುಮ್ನೆ ಮುಂದಿನ ರಾಡ್ ಹಾಕಿದ. ಪುಣೆಯ ಕೆಳಗಿರುವುದು ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾ, ಪದರದ ಮೇಲೆ ಪದರ. ಒಂದು ಪದರ ಆರಿ, ಮೇಲೆ ಮಣ್ಣಾಗುವಷ್ಟು ಹೊತ್ತಿಗೆ ಇನ್ನೊಂದು ಬಂದು ಮುಚ್ಚಿದರೆ ನಡುವೆ ಸಿಕ್ಕಿಕೊಳ್ಳುವುದೇ ಆ ಕೆಂಪು. ಆಪರೇಟರ್ ಹತ್ತಿರ ಇರುವ ಉಪಕರಣ ಮೂರೇ: ಧೂಳಿನ ಬಣ್ಣ, ಹ್ಯಾಮರ್ ಸದ್ದು, ಒಂದು ರಾಡ್ ಇಳಿಯೋಕೆ ಎಷ್ಟು ನಿಮಿಷ ಅನ್ನೋ ಲೆಕ್ಕ.

ಎಣ್ಣೆ ಬಾವಿಯವರು ಇದನ್ನೇ ದುಬಾರಿಯಾಗಿ ಮಾಡುತ್ತಾರೆ. ಕಲ್ಲು ಕೊರೆಯುವ ತುದಿಯ, ಅಂದ್ರೆ ಬಿಟ್‌ನ, ಹಿಂದಿನ ದಪ್ಪ ಉಕ್ಕಿನ ಪೈಪಿನಲ್ಲೇ ಸದ್ದು ಮಾಡುವ ಯಂತ್ರವನ್ನೂ ಕೇಳುವ ಮೈಕುಗಳನ್ನೂ ಕೂರಿಸಿ, ಕೊರೆಯುತ್ತಲೇ ಕಲ್ಲಿನಲ್ಲಿ ಸದ್ದಿನ ವೇಗ ಅಳೆಯುತ್ತಾರೆ. ತೊಂದರೆ ಏನಂದ್ರೆ ಆ ಪೈಪೇ ದೊಡ್ಡ ಬಾಯಿಬಡುಕ. ಕಲ್ಲಿನ ಮೂಲಕ ಸದ್ದು ಮೈಕಿಗೆ ಮುಟ್ಟುವಷ್ಟರಲ್ಲಿ ಪೈಪಿನ ಮೂಲಕ ಜೋರಾದ ಸದ್ದು ಬಂದು ಕೂತಿರುತ್ತದೆ. ನಮ್ಮ ಗಟ್ಟಿ ಬಸಾಲ್ಟಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 5ರಿಂದ 6 ಕಿಲೋಮೀಟರ್ ಓಡುತ್ತದೆ, ಉಕ್ಕಿನ ಪೈಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಯಾವುದು ಕಲ್ಲು, ಯಾವುದು ಕಬ್ಬಿಣ ಅಂತ ಬೇರೆ ಮಾಡೋದು ಹೇಗೆ?

ಇಲ್ಲಿ ನನಗೆ ಭಾಳ ಇಷ್ಟವಾದ ಉಪಾಯ ಒಂದಿದೆ. ಸದ್ದನ್ನು ಮೈಕಿನಲ್ಲಿ ಕೇಳಬೇಡಿ, ಕರೆಂಟಿನಲ್ಲಿ ಕೇಳಿ.

ಕಲ್ಲಿನ ಸಣ್ಣ ತೂತುಗಳಲ್ಲಿ ನೀರು ನಿಂತಿದ್ದಾಗ ಕಲ್ಲಿನ ಮೈ ಸಾಮಾನ್ಯವಾಗಿ ಋಣ ವಿದ್ಯುತ್ ಹಿಡಿದುಕೊಳ್ಳುತ್ತದೆ. ನೀರಿನಲ್ಲಿರುವ ಧನ ಅಯಾನುಗಳು ಅದರ ಪಕ್ಕ ಬಂದು ಸೇರುತ್ತವೆ. ಒಂದಷ್ಟು ಗೋಡೆಗೆ ಗಟ್ಟಿಯಾಗಿ ಅಂಟಿರುತ್ತವೆ, ಉಳಿದವು ನೀರಿನ ಜೊತೆ ಅಲುಗಾಡಬಲ್ಲವು. ಈ ಪದರದ ದಪ್ಪ ಬರೀ ನ್ಯಾನೊಮೀಟರ್ ಲೆಕ್ಕದ್ದು. ಸದ್ದಿನ ಅಲೆ ಬಂದು ಕಲ್ಲನ್ನು ಹಿಂಡಿದಾಗ ನೀರು ಕಲ್ಲಿಗಿಂತ ಕೊಂಚ ಬೇರೆ ಥರ ಜರುಗುತ್ತದೆ, ಸಡಿಲ ಅಯಾನುಗಳನ್ನೂ ಎಳೆದುಕೊಂಡು ಹೋಗುತ್ತದೆ. ವಿದ್ಯುತ್ ಕಣ ಜರುಗಿದರೆ ಅದೇ ಕರೆಂಟು. ಬಾವಿಯೊಳಗೆ ಎಲೆಕ್ಟ್ರೋಡ್ ಇಟ್ಟರೆ ಅಲೆ ದಾಟಿಹೋಗುವಾಗ ಅದನ್ನು ಹಿಡಿಯಬಹುದು. ಇದೇ ಸೈಸ್ಮೋಎಲೆಕ್ಟ್ರಿಕ್ ಸಿಗ್ನಲ್.

ಉಕ್ಕಿನಲ್ಲಿ ತೂತೂ ಇಲ್ಲ, ತೂತಿನಲ್ಲಿ ನೀರೂ ಇಲ್ಲ. ಪೈಪ್ ಎಷ್ಟೇ ಕೂಗಿದರೂ ಎಲೆಕ್ಟ್ರೋಡಿಗೆ ಅದು ಕೇಳಿಸುವುದಿಲ್ಲ, ಕಲ್ಲಿನದ್ದು ಮಾತ್ರ ಕೇಳಿಸುತ್ತದೆ. ಅಮೆರಿಕದ ಎಂಐಟಿಯವರು ಮರಳುಗಲ್ಲಿನ ತುಂಡಿನಲ್ಲಿ ಸಣ್ಣ ಬಾವಿ ಮಾಡಿ ಇದನ್ನು ತೋರಿಸಿದ್ದಾರೆ. ಮೈಕಿನ ದಾಖಲೆಯಲ್ಲಿ ಪೈಪಿನ ಅಲೆ ಢಾಳಾಗಿ ಕಾಣುತ್ತದೆ, ವಿದ್ಯುತ್ ದಾಖಲೆಯಲ್ಲಿ ಇಲ್ಲ. ಅಷ್ಟೇ ಅಲ್ಲ, ನೀರು ಎಷ್ಟು ಸಲೀಸಾಗಿ ಜರುಗಿತು ಅನ್ನೋದರ ಮೇಲೆ ಸಿಗ್ನಲ್ ನಿಂತಿರುವುದರಿಂದ ಕಲ್ಲು ನೀರನ್ನು ಬಿಟ್ಟುಕೊಡುತ್ತೋ ಇಲ್ವೋ ಅನ್ನೋ ಸುಳಿವೂ ಸಿಗುತ್ತದೆ. ನಮ್ಮ ಸೊಸೈಟಿಗೆ ಬೇಕಾಗಿದ್ದೂ ಅದೇ ಅಲ್ವಾ?

ವಿಷಯ ಹೊಸದೇನಲ್ಲ. ರಷ್ಯಾದ ಇವಾನೋವ್ 1939ರಲ್ಲೇ ನೆಲದ ಮೇಲೆ ಇದನ್ನು ಕಂಡಿದ್ದರು, 1944ರಲ್ಲಿ ಫ್ರೆಂಕೆಲ್ ಸಿದ್ಧಾಂತ ಬರೆದರು, 1994ರಲ್ಲಿ ಸ್ಟೀವ್ ಪ್ರೈಡ್ ಸಮೀಕರಣಗಳನ್ನು ಸರಿಯಾಗಿ ಜೋಡಿಸಿದರು. ಆದರೆ ಸಿಗ್ನಲ್ ತೀರಾ ಸಣ್ಣದು, ಎಷ್ಟೋ ಸಲ ಮೈಕ್ರೋವೋಲ್ಟ್ ಲೆಕ್ಕ. ಪಕ್ಕದಲ್ಲಿ ಕರೆಂಟ್ ಲೈನ್ ಇದ್ದರೆ 50 ಹರ್ಟ್ಸ್ ಗುಂಯ್‌ಗುಡುವಿಕೆಯಲ್ಲೇ ಮುಳುಗಿಹೋಗುತ್ತದೆ. ಉಪ್ಪು ನೀರಾದರೆ ಇನ್ನೂ ಕಷ್ಟ, ಸಿಹಿನೀರಿನಲ್ಲಿ ಸಿಗ್ನಲ್ ಜಾಸ್ತಿ. ಅಂದ್ರೆ ಎಣ್ಣೆ ಬಾವಿಗಿಂತ ನಮ್ಮಂಥವರ ಬಾವಿಗೇ ಇದು ಒಗ್ಗಬೇಕಿತ್ತು! ಆದರೆ ನಮ್ಮ ಗಾಡಿ ಗಾಳಿಯ ಹ್ಯಾಮರಿನದ್ದು, ಬಾವಿ ಒಣಗಿರುತ್ತದೆ. ಎಲೆಕ್ಟ್ರೋಡಿಗೂ ಕಲ್ಲಿಗೂ ನಡುವೆ ನೀರೇ ಇಲ್ಲದಿದ್ದರೆ ಏನು ಕೇಳೋದು? ಅಡಿಗೆ ಇಷ್ಟು ಅಂತ ರೇಟ್ ಮಾಡುವ ಗಾಡಿಯವನು ಇಂಥ ಉಪಕರಣ ಇಳಿಸುವುದೂ ದೂರದ ಮಾತು.

ಆಸೆ ಪಡೋದಾದರೆ ಮಹಾರಾಷ್ಟ್ರದ ಕೊಯ್ನಾದಂಥ ಜಾಗಕ್ಕೆ ಪಡಬೇಕು. ಭೂಕಂಪದ ಅಧ್ಯಯನಕ್ಕೆ ಅಂತ ಅಲ್ಲಿ ಕೊರೆದ 3 ಕಿಲೋಮೀಟರ್ ಆಳದ ಪೈಲಟ್ (ಮೊದಲ ಪ್ರಯೋಗದ) ಬಾವಿ 2017ರಲ್ಲಿ ಮುಗಿಯಿತು. ಮೇಲೆ ಸುಮಾರು 1.2 ಕಿಲೋಮೀಟರ್ ಬಸಾಲ್ಟ್, ಅದರ ಕೆಳಗೆ ಗ್ರಾನೈಟ್ ಮತ್ತು ನೈಸ್ (gneiss) ಅನ್ನೋ ಪಟ್ಟೆಪಟ್ಟೆ ಕಲ್ಲು, ನಮ್ಮೂರ ಕಡೆ ಬಯಲಲ್ಲೇ ಕಾಣುವಂಥ ಕಲ್ಲು. ಮಹಾರಾಷ್ಟ್ರವನ್ನು ಅಷ್ಟು ಆಳ ಕೊರೆದರೆ ಕರ್ನಾಟಕ ಸಿಗುತ್ತೆ ಅಂತ ನಾನು ಆಫೀಸಿನಲ್ಲಿ ಹೇಳಿ ಬೈಸಿಕೊಂಡಿದ್ದೇನೆ.

ನಮ್ಮ ಬೋರಿನಲ್ಲಿ 310 ಅಡಿಗೆ ಧೂಳು ಹೋಗಿ ಕೆಸರು ಬಂತು, ಅರ್ಧ ಇಂಚು ನೀರು. ತೆಂಗಿನಕಾಯಿಯವರ ಫೋನ್ ಸ್ವಿಚ್ ಆಫ್. ಕಾಕಾ "ಅರ್ಧ ಹೆಸರು ಬದಲಿಸ್ತೀನಿ" ಅಂದರು. ಮೋಟರ್ ಈಗ ದಿನಕ್ಕೆ ನಲವತ್ತು ನಿಮಿಷ ಓಡುತ್ತದೆ, ಆಮೇಲೆ ಗಾಳಿ ಎಳೆಯುತ್ತದೆ.